ಬಹ್ರೈನ್‌ನಲ್ಲಿ ಅಪ್ಪ ಅಮ್ಮನ ಜೊತೆ 5 ರಾತ್ರಿ: ಯಾವ ಕಡೆ ಉಳಿಯೋದು?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ 14ರ ಭಾನುವಾರ ಹೋಗಿ 19ರ ಶುಕ್ರವಾರ ವಾಪಸ್ ಬರೋ ಹಾಗೆ ಬಹ್ರೈನ್ ಪ್ರವಾಸ ಯೋಚಿಸಿದ್ದೀನಿ. ಅಪ್ಪ ಅಮ್ಮನ ಮದುವೆಗೆ 40 ವರ್ಷ ತುಂಬುತ್ತೆ. ಅಪ್ಪ ಶಿವಮೊಗ್ಗ ಜಿಲ್ಲೆಯಲ್ಲಿ ಹೈಸ್ಕೂಲ್ ಮೇಷ್ಟ್ರಾಗಿದ್ದವರು. ಅಮ್ಮ ವಿಮಾನ ಹತ್ತಿದ್ದು ಜೀವಮಾನದಲ್ಲಿ ಒಂದೇ ಸಲ. ಇಬ್ಬರೂ ಎಲ್ಲೇ ಹೋದರೂ ಛತ್ರ, ನೆಂಟರ ಮನೆ ಅಂತ ಉಳಿದುಕೊಂಡು ಬಂದವರು. ಈ ಒಂದು ಸಲ ನಿಜವಾಗಿ ಒಳ್ಳೇ ಹೋಟೆಲಲ್ಲಿ ಇರಿಸಬೇಕು ಅಂತ ಎರಡು ವರ್ಷದಿಂದ ದುಡ್ಡು ಎತ್ತಿಟ್ಟಿದ್ದೀನಿ. ಎರಡು ರೂಮಿಗೆ, ಐದು ರಾತ್ರಿಗೆ, ಎರಡು ಲಕ್ಷದ ಆಸುಪಾಸು.

ಹುಡುಕಿದರೆ ಬಹ್ರೈನ್ ಬೇ, ಸೀಫ್, ಜುಫೇರ್, ಅಮ್ವಾಜ್, ಝಲ್ಲಾಕ್ ಅಂತ ಐದಾರು ಹೆಸರು ಬರುತ್ತವೆ. ಎಲ್ಲಾ ಕಡೆ ಐದು ನಕ್ಷತ್ರ, ಎಲ್ಲಾ ಕಡೆ ನೀಲಿ ನೀರಿನ ಫೋಟೊ. ಅಮ್ಮನಿಗೆ ಮಂಡಿ ನೋವು, ಶುದ್ಧ ಸಸ್ಯಾಹಾರಿ. ಸಮುದ್ರದ ಪಕ್ಕ ಕೂರಬೇಕು ಅನ್ನೋದೊಂದೇ ಅವಳ ಆಸೆ. ಅಲ್ಲಿ ಇದ್ದು ಬಂದವರು ದಯವಿಟ್ಟು ಹೇಳಿ.

ಹೊಳೆಸಾಲು

ಸಮುದ್ರವೇ ಬೇಕು ಅಂದರೆ ಮಾಲ್ದೀವ್ಸ್ ನೋಡಬಹುದಲ್ಲ? ಬಹ್ರೈನ್ ಅಷ್ಟಾಗಿ ಯಾರೂ ರಜೆಗೆ ಅಂತ ಹೋಗಲ್ಲ.

ತುಂಗಾತೀರ

ಹೊಳೆಸಾಲು ಅವರೇ, ಅದಕ್ಕೊಂದು ಕಾರಣ ಇದೆ. ನಮ್ಮ ಚಿಕ್ಕಪ್ಪ 1981ರಿಂದ ಬಹ್ರೈನ್ ರಾಜಧಾನಿ ಮನಾಮದಲ್ಲಿ ಕೆಲಸದಲ್ಲಿದ್ದರು. ಈಗ ಇಲ್ಲ. ಅವರು ಅಪ್ಪನಿಗೆ ಬರೆದ ಕಾಗದಗಳೆಲ್ಲ ಒಂದು ಬಿಸ್ಕತ್ ಡಬ್ಬಿಯಲ್ಲಿ ಇನ್ನೂ ಇವೆ. ಪೇಟೆ, ಗುಡಿ, ಸೌದಿಗೆ ಕಟ್ಟುತ್ತಿದ್ದ ಸೇತುವೆ, ಎಲ್ಲದರ ಬಗ್ಗೆ ಬರೆದಿದ್ದಾರೆ. "ಒಂದು ಸಲ ಬಂದು ಹೋಗು ಅಣ್ಣ" ಅಂತ ಪ್ರತಿ ಕಾಗದದ ಕೊನೆಗೂ ಇರುತ್ತೆ. ಅಪ್ಪನಿಗೆ ಹೋಗೋಕೆ ಆಗಲೇ ಇಲ್ಲ.

ಪಡುಬಿದ್ರಿ ಕಡಲು

ತಂಗಿ, ಇದನ್ನು ಮೊದಲೇ ಹೇಳಬೇಕಿತ್ತು ನೀವು. ನಾನು ಇಲ್ಲಿಗೆ ಬಂದು 17 ವರ್ಷ ಆಯ್ತು. ಎರಡು ಹೋಟೆಲಿನಲ್ಲಿ ಫ್ರಂಟ್ ಆಫೀಸಿನಲ್ಲಿ ಕೆಲಸ ಮಾಡಿದ್ದೇನೆ. ಈಗ ಬೇರೆ ಕೆಲಸ, ಯಾವ ಹೋಟೆಲಿನ ಪರವಾಗಿಯೂ ಮಾತಾಡುವ ಅಗತ್ಯ ನನಗೆ ಇಲ್ಲ.

ನಕ್ಷತ್ರ ಲೆಕ್ಕ ಹಾಕಬೇಡಿ. ಇಲ್ಲಿ ಐದು ನಕ್ಷತ್ರದ ಹೋಟೆಲುಗಳು ಬೇಕಾದಷ್ಟು ಉಂಟು, ಸುಮಾರು ಹೋಟೆಲುಗಳಿಗೆ ಸಮುದ್ರವೇ ಇಲ್ಲ. ದ್ವೀಪ ಅಂದ ಮಾತ್ರಕ್ಕೆ ಸುತ್ತ ಮರಳು ತೀರ ಇರ್ತದೆ ಅಂತ ಅಂದುಕೊಂಡು ಬರುವವರನ್ನು ನಾನು ಕೌಂಟರಿನಲ್ಲಿ ದಿನಾ ನೋಡಿದವ. ಮನಾಮದ ಉತ್ತರ ಅಂಚು ಬಹುಪಾಲು ಸಮುದ್ರಕ್ಕೆ ಮಣ್ಣು ತುಂಬಿ ಮಾಡಿದ ನೆಲ. ಸೀಫ್, ಬಹ್ರೈನ್ ಬೇ ಎಲ್ಲ ಹಾಗೆಯೇ ಆದದ್ದು. ಅಲ್ಲಿ ತೀರ ಬೇಕಾದರೆ ಹೋಟೆಲಿನವರೇ ಮರಳು ಹಾಕಿ ಮಾಡಿಕೊಂಡಿರ್ತಾರೆ.

ಸೀಫ್‌ನಲ್ಲಿ ರಿಟ್ಜ್ ಕಾರ್ಲ್‌ಟನ್‌ಗೆ ಸ್ವಂತ ತೀರ ಉಂಟು, ಒಳಗೆ ನಿಂತ ನೀರಿನ ಖಾರಿ, ಸುತ್ತ ನಡೆಯಲಿಕ್ಕೆ ದಾರಿ. ಹಳೆಯದು, ಮರಗಳು ಬೆಳೆದು ನೆರಳಾಗಿದೆ. ಬಹ್ರೈನ್ ಬೇಯಲ್ಲಿ ಫೋರ್ ಸೀಸನ್ಸ್, 2015ರಲ್ಲಿ ಶುರುವಾದದ್ದು, ತನ್ನದೇ ಒಂದು ಪುಟ್ಟ ದ್ವೀಪದ ಮೇಲೆ ನಿಂತಿದೆ. ಮೇಲಿಂದ ಮನಾಮ ಪೂರ್ತಿ ಕಾಣ್ತದೆ, ಪೇಟೆಗೆ ಕಾರಿನಲ್ಲಿ ಹತ್ತು ನಿಮಿಷ. ಪಶ್ಚಿಮದ ಝಲ್ಲಾಕ್ ಕಡೆಗೆ ಹೋದರೆ ಸೋಫಿಟೆಲ್, ಜುಮೇರಾ. ಅಲ್ಲಿ ಸೂರ್ಯ ಸಮುದ್ರಕ್ಕೇ ಮುಳುಗ್ತಾನೆ, ಗಲಾಟೆ ಇಲ್ಲ. ಆದರೆ ಪೇಟೆಗೆ ಬರಲಿಕ್ಕೆ ಅರ್ಧ ಗಂಟೆ ಬೇಕು. ಸಖೀರ್ ಕಡೆ ರಾಫಲ್ಸ್ ಉಂಟು, ಪ್ರತಿ ವಿಲ್ಲಾಕ್ಕೂ ಸ್ವಂತ ಈಜುಕೊಳ, ತುಂಬಾ ಚಂದ. ಆದರೆ ಅದು ಮರುಭೂಮಿಯ ನಡುವೆ, ಸಮುದ್ರ ಇಲ್ಲ. ನಿಮ್ಮ ಅಮ್ಮನಿಗೆ ಅದು ಬೇಡ. ಸಮುದ್ರವೂ ಪೇಟೆಯೂ ಬೇಕಾದರೆ ರಾತ್ರಿಗಳನ್ನು ಝಲ್ಲಾಕ್, ಬಹ್ರೈನ್ ಬೇ ಎರಡಕ್ಕೂ ಹಂಚಿಕೊಳ್ಳಿ.

ಜುಫೇರ್ ಬಿಟ್ಟುಬಿಡಿ. ಬಾರು, ಪಬ್ಬು, ತಡರಾತ್ರಿಯ ಸಂಗೀತ ಬೇಕಾದ ಹುಡುಗರಿಗೆ ಅದು ಸರಿ. ಹಿರಿಯರನ್ನು ಕಟ್ಟಿಕೊಂಡು ಅಲ್ಲಿ ಉಳಿದವರು ಎರಡನೇ ದಿನಕ್ಕೇ ರೂಮ್ ಬದಲಿಸಲಿಕ್ಕೆ ಓಡಿ ಬರ್ತಾರೆ.

ಧಾರವಾಡ ಫೇಡೆ

ನೋಡ್ರಿ ಅಕ್ಕಾರ, ನಾವು ಹೋದ ವರ್ಷ ನವೆಂಬರ್‌ದಾಗ ಝಲ್ಲಾಕ್ ಕಡೆ ನಾಕು ರಾತ್ರಿ ಇದ್ವಿ. ನನ್ನ ಕೇಳಿದ್ರ ಐದೂ ರಾತ್ರಿ ಅಲ್ಲೇ ಇರ್ರಿ. ಸಂಜೀಕ ಸಮುದ್ರದ ದಂಡೀಗೆ ಕುರ್ಚಿ ಹಾಕ್ಕೊಂಡು ಕುಂತ್ರ ಮಾತೇ ಬ್ಯಾಡ ಅನ್ನಿಸ್ತದ. ನಮ್ಮ ಅವ್ವ ಮೂರು ದಿನ ಅದನ್ನ ಬಿಟ್ಟು ಏಳಲಿಲ್ಲ. ಊರು ನೋಡೋದು ಒಂದು ದಿನದ ಕೆಲಸ, ಟ್ಯಾಕ್ಸಿ ಮಾಡ್ಕೊಂಡು ಹೋಗಿ ಬರಬಹುದು. ಎರಡೆರಡು ಹೋಟೆಲ್ ಮಾಡಿ ಪೆಟ್ಟಿಗಿ ಕಟ್ಟೋದು ಬಿಚ್ಚೋದು ಹಿರ್ಯಾರಿಗೆ ಭಾಳ ತ್ರಾಸು.

ಪಡುಬಿದ್ರಿ ಕಡಲು

ಫೇಡೆಯವರೇ, ರಜೆ ಮಾತ್ರ ಅಂದರೆ ನಿಮ್ಮ ಮಾತನ್ನು ನಾನೂ ಒಪ್ಪುತ್ತಿದ್ದೆ. ಇವರ ಅಪ್ಪನಿಗೆ ಬೇಕಾಗಿರುವುದು ಮನಾಮ ಪೇಟೆ, ತಮ್ಮ ನಡೆದಾಡಿದ ಗಲ್ಲಿ. ಅದು ಒಂದೇ ದಿನಕ್ಕೆ ನೋಡಿ ಮುಗಿಸುವ ಜಾಗ ಅಲ್ಲ. ಬೆಳಿಗ್ಗೆ ಒಮ್ಮೆ ಹೋಗಬೇಕು, ದಣಿದರೆ ರೂಮಿಗೆ ಬಂದು ಮಲಗಬೇಕು, ಸಂಜೆ ದೀಪ ಹತ್ತಿದ ಮೇಲೆ ಮತ್ತೆ ಹೋಗಬೇಕು. ಝಲ್ಲಾಕಿನಿಂದ ಅದು ಆಗುವುದಿಲ್ಲ. ಒಮ್ಮೆ ಹೋದರೆ ರಾತ್ರಿಯವರೆಗೂ ಹೊರಗೇ ಇರಬೇಕಾಗ್ತದೆ.

ದಮ್ಮಾಮ್ ಕನ್ನಡಿಗ

ನಾನು ಸೌದಿಯಲ್ಲಿ ಇರೋನು, ತಿಂಗಳಿಗೆ ಒಂದೆರಡು ಸಲ ಸೇತುವೆ ದಾಟಿ ಬಹ್ರೈನ್‌ಗೆ ಹೋಗ್ತೀನಿ. ಎಲ್ಲಿ ಉಳೀಬೇಕು ಅನ್ನೋದರಷ್ಟೇ ಮುಖ್ಯ ಯಾವ ವಾರ ಅನ್ನೋದು. ಎರಡೂ ದೇಶದಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ಗುರುವಾರ ಸಂಜೆ ಆಫೀಸ್ ಬಿಟ್ಟ ತಕ್ಷಣ ನಮ್ಮ ಕಡೆಯಿಂದ ಕಾರುಗಳ ಸಾಲು ಶುರುವಾಗುತ್ತೆ. ಸೇತುವೆ 25 ಕಿಲೋಮೀಟರ್, ಖಾಲಿ ಇದ್ದಾಗ ಬೇಗ ಮುಗಿಯೋ ದಾರಿ, ಗುರುವಾರ ರಾತ್ರಿ ನಾನು ಮೂರು ಗಂಟೆ ಕಾದಿದ್ದೂ ಇದೆ. ಬಂದವರೆಲ್ಲ ಕುಟುಂಬ ಸಮೇತ ರೆಸಾರ್ಟ್‌ಗಳಿಗೆ ಹೋಗ್ತಾರೆ. ಶುಕ್ರವಾರ ಅದೇ ಈಜುಕೊಳದ ಪಕ್ಕ ಕೂರೋಕೆ ಜಾಗ ಇರಲ್ಲ, ರೇಟು ಕೂಡ ಏರಿರುತ್ತೆ. ಭಾನುವಾರದಿಂದ ಬುಧವಾರದವರೆಗೆ ಅದೇ ಜಾಗ ಶಾಂತ, ಅದೇ ರೂಮು ಅಗ್ಗ.

ಹಾಗಾಗಿ ಅಕ್ಕ, ನೀವು ಭಾನುವಾರ ಇಳಿಯೋದು ಒಳ್ಳೇದೇ ಆಯ್ತು. ಸಮುದ್ರ ಮೊದಲು, ಪೇಟೆ ಆಮೇಲೆ. ಇನ್ನೊಂದು ವಿಷಯ: ಡಿಸೆಂಬರ್ 16, 17 ಬಹ್ರೈನ್‌ನ ರಾಷ್ಟ್ರೀಯ ದಿನದ ರಜೆ. ಊರೆಲ್ಲ ಕೆಂಪು ಬಿಳಿ ದೀಪ, ಪಟಾಕಿ. ನೋಡೋಕೆ ಚೆಂದ, ಆದರೆ ಸಂಜೆ ರಸ್ತೆ ಜಾಮ್ ಆಗುತ್ತೆ. 16ಕ್ಕೆ ಹೋಟೆಲ್ ಬದಲಾಯಿಸೋದಾದರೆ ಮಧ್ಯಾಹ್ನದೊಳಗೆ ಬದಲಾಯಿಸಿಬಿಡಿ. ಫಾರ್ಮುಲಾ 1 ರೇಸ್ ಇರೋ ವಾರದಲ್ಲೂ ಹೀಗೆಯೇ, ಆ ದಿನಗಳಲ್ಲಿ ಯಾರಾದರೂ ಹೋಗೋದಿದ್ದರೆ ರೂಮಿನ ರೇಟು ನೋಡಿಕೊಂಡೇ ಟಿಕೆಟ್ ಮಾಡಿಸಿ.

ನಿಮ್ಮ ಚಿಕ್ಕಪ್ಪ ಬರೆದ ಸೇತುವೆ ಇದೇ. 1986ರಲ್ಲಿ ತೆರೆದಿದ್ದು.

ಅಡುಗೆಮನೆ ಅಕ್ಕ

ಬೆಲೆ ನೋಡುವಾಗ ಒಂದು ಎಚ್ಚರಿಕೆ ಹೇಳ್ತೀನಿ. ನಾವು ಬುಕ್ ಮಾಡಿದಾಗ ಪರದೆ ಮೇಲೆ 80 ದಿನಾರ್ ಅಂತ ಕಂಡಿತ್ತು, ಬಿಲ್ ಬಂದಾಗ ಹತ್ತಿರಹತ್ತಿರ 100. ಸೇವಾ ಶುಲ್ಕ ಬೇರೆ, ಅದರ ಮೇಲೆ 10% ವ್ಯಾಟ್ ಬೇರೆ, 2024ರ ಮೇ ತಿಂಗಳಿಂದ ಪ್ರತಿ ರೂಮಿಗೆ ಪ್ರತಿ ರಾತ್ರಿಗೆ 3 ದಿನಾರ್ ಪ್ರವಾಸಿ ಶುಲ್ಕ ಬೇರೆ. ನಿಮಗೆ ಎರಡು ರೂಮ್, ಐದು ರಾತ್ರಿ, ಆ ಒಂದು ಶುಲ್ಕವೇ 30 ದಿನಾರ್ ಆಯ್ತು. ಒಂದು ದಿನಾರ್ ಅಂದರೆ ಇನ್ನೂರು ರೂಪಾಯಿಗೂ ಮೇಲೆ, ನೆನಪಿರಲಿ. ಎಲ್ಲಾ ಸೇರಿ ಎಷ್ಟು ಅಂತ ಬರವಣಿಗೆಯಲ್ಲಿ ತರಿಸಿಕೊಳ್ಳಿ. ಚೆಕ್ ಇನ್ ಹೊತ್ತಿಗೆ ಕಾರ್ಡಿನಲ್ಲಿ ಡೆಪಾಸಿಟ್ ಅಂತ ಒಂದಷ್ಟು ಹಣ ಹಿಡಿದಿಡ್ತಾರೆ, ಅದಕ್ಕೂ ಲಿಮಿಟ್ ಇಟ್ಟುಕೊಂಡಿರಿ.

ನಮಗೆ ಬೇಜಾರಾಗಿದ್ದು ರೂಮಿನ ವಿಷಯದಲ್ಲಿ. ಸೀ ವ್ಯೂ ಅಂತ ಹೆಚ್ಚಿಗೆ ದುಡ್ಡು ಕೊಟ್ಟಿದ್ವಿ. ಪರದೆ ಸರಿಸಿದರೆ ಎದುರಿಗೆ ಹೊಸದಾಗಿ ಮಣ್ಣು ತುಂಬಿದ ಬಯಲು, ಎರಡು ಕ್ರೇನು, ಅದರಾಚೆ ಒಂದು ಗೆರೆಯಷ್ಟು ನೀರು. ನಮ್ಮ ಅತ್ತೆ ಪಾಪ ಏನೂ ಅನ್ನಲಿಲ್ಲ, ಆದರೆ ಎರಡು ದಿನ ಆ ಪರದೆ ತೆಗೆಯಲೇ ಇಲ್ಲ. ನನಗೆ ಅದು ಇವತ್ತಿಗೂ ಚುಚ್ಚುತ್ತೆ.

ಪಡುಬಿದ್ರಿ ಕಡಲು

ಅಕ್ಕ ಹೇಳಿದ್ದು ನೂರಕ್ಕೆ ನೂರು ನಿಜ. ಸೀ ವ್ಯೂ ಅಂದರೆ ಕಿಟಕಿಯಿಂದ ಎಲ್ಲಾದರೂ ನೀರು ಕಂಡರಾಯಿತು ಅಂತ ಅರ್ಥ. ಬುಕ್ ಮಾಡಿದ ಮೇಲೆ ರಿಸರ್ವೇಶನ್‌ಗೆ ಒಂದು ಮೇಲ್ ಹಾಕಿ, ಬರುವ ಎರಡು ದಿನ ಮೊದಲು ಫೋನ್ ಮಾಡಿ ಮತ್ತೆ ನೆನಪಿಸಿ. ಯಾವ ದಿಕ್ಕು, ಎಷ್ಟನೇ ಮಹಡಿ, ಎದುರಿಗೆ ಕಟ್ಟಡದ ಕೆಲಸ ನಡೀತಾ ಉಂಟಾ ಅಂತ ನೇರವಾಗಿ ಕೇಳಿ. ಕೇಳಿದರೆ ನಮ್ಮವರು ಸುಳ್ಳು ಹೇಳುವುದಿಲ್ಲ. ಯಾರೂ ಕೇಳುವುದಿಲ್ಲ ಅಷ್ಟೇ. ರೂಮ್ ಹಂಚುವ ಕೆಲಸ ಹಿಂದಿನ ದಿನವೇ ಆಗಿಬಿಡ್ತದೆ. ಬಂದ ಮೇಲೆ ಕೌಂಟರಿನಲ್ಲಿ ಕೇಳಿದರೆ ಕೊಡಲಿಕ್ಕೆ ಕೈಯಲ್ಲಿ ಏನೂ ಇರುವುದಿಲ್ಲ.

ತಂಗಿ, ನಿಮ್ಮ ಅಮ್ಮನಿಗೆ ಮಂಡಿ ನೋವು ಅಂದಿರಿ. ನೋಟ ಒಂದು ಕಡೆ ಇರಲಿ, ಬಚ್ಚಲು ಮೊದಲು ಕೇಳಿ. ದೊಡ್ಡ ಹೋಟೆಲುಗಳಲ್ಲಿ ಸುಮಾರು ರೂಮುಗಳಿಗೆ ಟಬ್ ಒಳಗೇ ಶವರ್ ಇರ್ತದೆ. ಸ್ನಾನಕ್ಕೆ ಮೊಣಕಾಲೆತ್ತರದ ಅಂಚು ದಾಟಿ ಒಳಗೆ ಕಾಲಿಡಬೇಕು, ಒದ್ದೆ ಕಾಲಲ್ಲಿ ವಾಪಸ್ ದಾಟಬೇಕು. ನಾನು ಇದ್ದಷ್ಟು ವರ್ಷದಲ್ಲಿ ಹಿರಿಯರು ಬಿದ್ದದ್ದು ಅಂದರೆ ಹೆಚ್ಚಾಗಿ ಅಲ್ಲಿಯೇ. ಟಬ್ ಇಲ್ಲದ, ನೆಲಮಟ್ಟದ ಶವರ್ ಇರುವ ರೂಮ್ ಬೇಕು ಅಂತ ಬರೆಯಿರಿ, ಒಂದು ಕುರ್ಚಿಯೂ ಇಡಲಿಕ್ಕೆ ಹೇಳಿ. ಈಜುಕೊಳಕ್ಕೆ ಇಳಿಯಲಿಕ್ಕೆ ಏಣಿಯಾ, ಮೆಟ್ಟಿಲಾ ಅಂತಲೂ ಕೇಳಿ. ಎರಡು ರೂಮಿನ ನಡುವೆ ಬಾಗಿಲು ಇರುವ ಕನೆಕ್ಟಿಂಗ್ ರೂಮ್ ಬೇಕಾದರೆ "ಪ್ರಯತ್ನಿಸ್ತೇವೆ" ಅನ್ನುವ ಉತ್ತರ ಸಾಲದು, "ಖಾತ್ರಿ" ಅನ್ನುವ ಶಬ್ದ ಮೇಲ್‌ನಲ್ಲಿ ಬರಬೇಕು.

ತುಂಗಾತೀರ

ಅಣ್ಣ, ಬಚ್ಚಲಿನ ವಿಷಯ ನನ್ನ ತಲೆಗೇ ಹೊಳೆದಿರಲಿಲ್ಲ. ಕೈಮುಗಿದೆ. ಊಟದ ಬಗ್ಗೆ ಯಾರಾದರೂ ಹೇಳ್ತೀರಾ? ಅಮ್ವಾಜ್ ಮತ್ತು ಹವಾರ್ ದ್ವೀಪಗಳನ್ನ ಬಿಟ್ಟುಬಿಡಬಹುದಾ?

ಅಡುಗೆಮನೆ ಅಕ್ಕ

ಊಟಕ್ಕೆ ಚಿಂತೆನೇ ಬೇಡ. ಬೆಳಗಿನ ಬಫೆಯಲ್ಲಿ ಕಡಲೆ ರುಬ್ಬಿ ಮಾಡಿದ ಹಮ್ಮುಸ್, ಗಟ್ಟಿ ಮೊಸರಿನಂಥ ಲಬ್ನೆ, ಬೇಯಿಸಿದ ಕಡಲೆ, ಫೂಲ್ ಅನ್ನೋ ಅವರೆಯಂಥ ಕಾಳಿನ ಪಲ್ಯ, ಬಿಸಿ ಖುಬ್ಜ್ ರೊಟ್ಟಿ, ಖರ್ಜೂರ, ಇಷ್ಟಂತೂ ಇರುತ್ತೆ. ಬಲಾಲೀತ್ ಅಂತ ಒಂದು ತಿಂಡಿ ಇಡ್ತಾರೆ. ನೋಡೋಕೆ ನಮ್ಮ ಸಿಹಿ ಶಾವಿಗೆ, ಏಲಕ್ಕಿ ಕೇಸರಿ ಘಮ. ಅದರ ಮೇಲೆ ಮೊಟ್ಟೆಯ ಆಮ್ಲೆಟ್ ಹೊದಿಸಿರ್ತಾರೆ. ಅಮ್ಮನಿಗೆ ಕೊಡೋ ಮೊದಲು ಮೊಟ್ಟೆ ಹಾಕದೆ ಮಾಡಿಕೊಡೋಕೆ ಹೇಳಿ, ಸಂತೋಷದಿಂದ ಮಾಡಿಕೊಡ್ತಾರೆ. ರಾತ್ರಿ ಊಟ ಹೋಟೆಲಲ್ಲಿ ಬೇಡ. ಮನಾಮ ಸೂಕ್‌ನಲ್ಲಿ, ಅಂದರೆ ಹಳೇ ಪೇಟೆಯಲ್ಲಿ, ಶ್ರೀನಾಥಜಿ ಗುಡಿ ಸುತ್ತಮುತ್ತ ಗುಜರಾತಿ ಊಟ, ದೋಸೆ ಇಡ್ಲಿ ಎಲ್ಲಾ ಸಿಗುತ್ತೆ, ಹೋಟೆಲಿನ ಒಂದು ಊಟದ ದುಡ್ಡಲ್ಲಿ ಮೂರೂ ಜನ ಹೊಟ್ಟೆ ತುಂಬ ಉಣ್ಣಬಹುದು. ಮುತ್ತು ಕೊಳ್ಳೋ ಆಸೆ ಅಮ್ಮನಿಗಿದ್ದರೆ ಅಲ್ಲೇ ಕೊಳ್ಳಿ. ಆ ದೇಶದಲ್ಲಿ ಬೆಳೆಸಿದ ಮುತ್ತಿನ ವ್ಯಾಪಾರಕ್ಕೆ ಅವಕಾಶವೇ ಇಲ್ಲ, ಸಮುದ್ರದಿಂದ ತೆಗೆದ ಸಹಜ ಮುತ್ತೇ. ಬೆಲೆ ಮಾತ್ರ ಅದಕ್ಕೆ ತಕ್ಕಂತೆ.

ಹಳೆ ನಾಣ್ಯ

ಅಮ್ವಾಜ್ ಸಮುದ್ರ ತುಂಬಿ ಮಾಡಿದ ಹೊಸ ಬಡಾವಣೆ. ವಿಮಾನ ನಿಲ್ದಾಣಕ್ಕೆ ಹತ್ತಿರ, ಸಂಜೆ ನೀರಿನ ಪಕ್ಕ ನಡೆಯೋಕೆ ಚೆನ್ನಾಗಿದೆ, ಅದರಾಚೆಗೆ ನೋಡೋಕೆ ಹೆಚ್ಚೇನಿಲ್ಲ. ಹವಾರ್ ಬೇರೆಯೇ ಮಾತು. ಮುಖ್ಯ ದ್ವೀಪಕ್ಕಿಂತ ಕತಾರ್‌ಗೇ ಹತ್ತಿರ. ಎರಡೂ ದೇಶ ಅದಕ್ಕಾಗಿ ಜಗಳವಾಡಿ 2001ರಲ್ಲಿ ಅಂತಾರಾಷ್ಟ್ರೀಯ ನ್ಯಾಯಾಲಯ ಬಹ್ರೈನ್‌ಗೆ ಕೊಟ್ಟಿತು. ಹಕ್ಕಿ ನೋಡೋರಿಗೆ ಸ್ವರ್ಗ, ಆದರೆ ದೋಣಿಯಲ್ಲಿ ಹೋಗಬೇಕು. ಮಂಡಿ ನೋವು ಇರೋರಿಗೆ ಈ ಸಲ ಬೇಡ.

ನಿಮ್ಮ ತಂದೆ ಮೇಷ್ಟ್ರು ಅಂದಿರಲ್ಲ, ಎರಡು ಜಾಗ ತಪ್ಪಿಸಬೇಡಿ. ಒಂದು ಕಲಾತ್ ಅಲ್ ಬಹ್ರೈನ್ ಕೋಟೆ, ಸೀಫ್‌ಗೆ ಹತ್ತಿರ. ಕೋಟೆ ಅಂತ ಕರೆದರೂ ಅದು ನಿಂತಿರೋದು ಸಾವಿರಾರು ವರ್ಷ ಜನ ಮನೆ ಕಟ್ಟಿ, ಬಿದ್ದು, ಮತ್ತೆ ಕಟ್ಟಿ ಎದ್ದ ದಿಬ್ಬದ ಮೇಲೆ. ದಿಲ್ಮುನ್ ಅಂತ ಮೆಸೊಪೊಟೇಮಿಯದವರು ಕರೆದ ನಾಡು ಇದೇ. ನಮ್ಮ ಸಿಂಧೂ ಬಯಲಿನ ಜೊತೆ ವ್ಯಾಪಾರ ಮಾಡಿದವರು, ಸಿಂಧೂ ಅಳತೆಯ ತೂಕದ ಕಲ್ಲುಗಳು ಅಲ್ಲಿ ಸಿಕ್ಕಿವೆ. 2005ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಇನ್ನೊಂದು, ಮನಾಮದ ಪಕ್ಕದ ದ್ವೀಪ ಮುಹರಕ್‌ನ ಮುತ್ತಿನ ಹಾದಿ. ಮುಳುಗುಗಾರರ, ನಾವಿಕರ, ವರ್ತಕರ ಮನೆಗಳನ್ನ ಜೋಡಿಸಿದ ಸುಮಾರು 3.5 ಕಿಲೋಮೀಟರ್ ದಾರಿ. ಪೂರ್ತಿ ನಡೆಯೋದು ಬೇಡ, ಒಂದು ತುದಿಯಲ್ಲಿ ಎರಡು ಮನೆ ನೋಡಿದರೂ ಸಾಕು. ಜಪಾನ್‌ನ ಬೆಳೆಸಿದ ಮುತ್ತು ಮಾರುಕಟ್ಟೆಗೆ ಬಂದು ಇವರ ಬದುಕು ಕುಸಿದ ಕಾಲಕ್ಕೇ 1932ರಲ್ಲಿ ಎಣ್ಣೆ ಸಿಕ್ಕಿತು. ಆ ಹತ್ತು ವರ್ಷದ ಕಥೆಯನ್ನ ಮೇಷ್ಟ್ರು ನಿಮಗೆ ಇನ್ನೂ ಚೆನ್ನಾಗಿ ಹೇಳಬಹುದು.

ತುಂಗಾತೀರ

ಬುಕ್ ಮಾಡಿದೆ. ಭಾನುವಾರ, ಸೋಮವಾರ ಝಲ್ಲಾಕ್. ಮಂಗಳವಾರದಿಂದ ಮೂರು ರಾತ್ರಿ ಬಹ್ರೈನ್ ಬೇ. ಪೆಟ್ಟಿಗೆ ಕಟ್ಟೋ ಕೆಲಸ ಪೂರ್ತಿ ನಂದೇ ಅಂತ ಅಮ್ಮನಿಗೆ ಹೇಳಿದ್ದೀನಿ. ನೆಲಮಟ್ಟದ ಶವರ್, ಕುರ್ಚಿ, ಕನೆಕ್ಟಿಂಗ್ ರೂಮ್, ಪಶ್ಚಿಮ ದಿಕ್ಕು, ಎಲ್ಲದಕ್ಕೂ ಮೇಲ್ ಹಾಕಿದ್ದೀನಿ. "ಖಾತ್ರಿ" ಅಂತ ಉತ್ತರ ಬಂದಿದೆ ಅಣ್ಣ.

ತುಂಗಾತೀರ

ಊರಿಗೆ ವಾಪಸ್ ಬಂದು ನಾಲ್ಕು ದಿನ ಆಯ್ತು. ಇಷ್ಟು ಜನ ಹೊತ್ತು ಕೊಟ್ಟು ಹೇಳಿದ್ದೀರಿ, ಬರೆಯದೆ ಇರೋಕೆ ಮನಸ್ಸು ಒಪ್ಪಲಿಲ್ಲ.

ಝಲ್ಲಾಕ್‌ನಲ್ಲಿ ಡಿಸೆಂಬರ್‌ನಲ್ಲಿ ಸೂರ್ಯ ಸಂಜೆ ಐದಕ್ಕೆ ಮೊದಲೇ ಮುಳುಗಿಬಿಡ್ತಾನೆ, ಇದನ್ನ ಯಾರಾದರೂ ಹೋಗೋರು ತಿಳಿದುಕೊಂಡಿರಿ. ನಾವು ಮೊದಲ ದಿನ ಮಲಗೆದ್ದು ಹೊರಗೆ ಬರೋಷ್ಟರಲ್ಲಿ ಕತ್ತಲು. ಎರಡನೇ ದಿನ ಮೂರೂವರೆಗೇ ಹೋಗಿ ಕೂತ್ವಿ. ನೀರು ಚೆನ್ನಾಗೇ ತಣ್ಣಗಿತ್ತು. ಅಮ್ಮ ಸೀರೆ ನೆರಿಗೆ ಎತ್ತಿ ಹಿಡಿದು ಇಳಿದಳು. ಅಲ್ಲಿ ಸಮುದ್ರ ಎಷ್ಟು ಆಳವಿಲ್ಲ ಅಂದರೆ, ಅವಳು ನನ್ನ ಕೈ ಹಿಡಿದು ಐವತ್ತು ಹೆಜ್ಜೆ ಒಳಗೆ ನಡೆದರೂ ನೀರು ಮಂಡಿಗೆ ಮುಟ್ಟಲಿಲ್ಲ. ಅಲೆಯೇ ಇಲ್ಲ. ಮಲ್ಪೆಯಲ್ಲಿ ಅಲೆಗೆ ಹೆದರಿ ದಡದಲ್ಲೇ ನಿಲ್ಲೋಳು ಇಲ್ಲಿ ನಡುವಲ್ಲಿ ನಿಂತು "ನೀನು ದಡಕ್ಕೆ ಹೋಗು, ನಾನು ಸ್ವಲ್ಪ ಹೊತ್ತು ಇರ್ತೀನಿ" ಅಂದಳು. ಕತ್ತಲಾದ ಮೇಲೆ ಉತ್ತರಕ್ಕೆ ದೂರದಲ್ಲಿ ಸೇತುವೆಯ ದೀಪಗಳು ಕಂಡವು. ಅದು ಯಾವ ಸೇತುವೆ ಅಂತ ಅಪ್ಪನಿಗೆ ಯಾರೂ ಹೇಳಬೇಕಾಗಲಿಲ್ಲ.

ಇಡೀ ತೀರದಲ್ಲಿ ನಮ್ಮ ಜೊತೆ ಇದ್ದಿದ್ದು ಆರೇಳು ಜನ. ಸೋಮವಾರ. ದಮ್ಮಾಮ್ ಅಣ್ಣ, ನಿಮ್ಮ ಮಾತು ಅಕ್ಷರಶಃ ನಿಜ.

ರಾಷ್ಟ್ರೀಯ ವಸ್ತುಸಂಗ್ರಹಾಲಯದ ನೆಲದ ಮೇಲೆ ಇಡೀ ದ್ವೀಪದ ಮೇಲಿನಿಂದ ತೆಗೆದ ಚಿತ್ರ ಹಾಸಿದ್ದಾರೆ, ಅದರ ಮೇಲೆ ನಡೆಯಬಹುದು. ಅಪ್ಪ ಝಲ್ಲಾಕ್ ಎಲ್ಲಿ ಅಂತ ಹುಡುಕಿ ಅಲ್ಲಿಂದ ಮನಾಮಕ್ಕೆ ಹೆಜ್ಜೆ ಎಣಿಸಿಕೊಂಡು ಬಂದರು. ಪಾಠ ಮಾಡೋ ಧ್ವನಿ ಆರು ವರ್ಷದ ಮೇಲೆ ಕೇಳಿದೆ.

ಪೇಟೆಗೆ ನಾಲ್ಕು ಸಲ ಹೋದ್ವಿ. ಹತ್ತು ನಿಮಿಷದ ದಾರಿ ಆದ್ದರಿಂದ ಸಾಧ್ಯವಾಯ್ತು, ಪಡುಬಿದ್ರಿ ಅಣ್ಣ. ಚಿಕ್ಕಪ್ಪ 1983ರಲ್ಲಿ ಬಾಬ್ ಅಲ್ ಬಹ್ರೈನ್ ಅನ್ನೋ ಪೇಟೆಯ ಹೆಬ್ಬಾಗಿಲಿನ ಮುಂದೆ ನಿಂತು ತೆಗೆಸಿದ ಫೋಟೊ ಅಪ್ಪ ಜೇಬಲ್ಲಿ ತಂದಿದ್ದರು. ಫೋಟೊದಲ್ಲಿರೋ ಕಟ್ಟಡಕ್ಕೂ ಎದುರಿಗಿರೋದಕ್ಕೂ ತಾಳೆಯೇ ಆಗಲಿಲ್ಲ. ಜಾಗ ತಪ್ಪಿದ್ದೀವಾ ಅಂತ ಅಪ್ಪ ತುಂಬಾ ಕಳವಳಪಟ್ಟರು. ಗೊತ್ತಿದ್ದವರು ಯಾರಾದರೂ ಇದ್ದರೆ ಹೇಳಿ, ಅವರಿಗೆ ಇನ್ನೂ ಅದೇ ಯೋಚನೆ.

ಹಳೆ ನಾಣ್ಯ

ಜಾಗ ತಪ್ಪಿಲ್ಲ ಅಂತ ತಂದೆಯವರಿಗೆ ಈಗಲೇ ಹೇಳಿ. ಆ ಕಮಾನು 1940ರ ದಶಕದಲ್ಲಿ ಬ್ರಿಟಿಷ್ ಸಲಹೆಗಾರ ಚಾರ್ಲ್ಸ್ ಬೆಲ್‌ಗ್ರೇವ್ ಕಾಲದಲ್ಲಿ ಕಟ್ಟಿದ್ದು. 1986ರಲ್ಲಿ ಇಸ್ಲಾಮಿ ಶೈಲಿಯ ಅಲಂಕಾರ ಸೇರಿಸಿ ಮುಖವನ್ನೇ ಬದಲಿಸಿದರು. ಚಿಕ್ಕಪ್ಪನವರ ಫೋಟೊ ಅದಕ್ಕೆ ಮೂರು ವರ್ಷ ಮೊದಲಿನದು. ಅದೇ ಕಮಾನು, ಹಳೇ ಮುಖ. ಮೊದಲು ಸಮುದ್ರ ಕೂಡ ಅದರ ಹತ್ತಿರದವರೆಗೂ ಇತ್ತು, ಆಮೇಲೆ ತುಂಬುತ್ತಾ ಹೋದರು.

ತುಂಗಾತೀರ

ಓದಿ ಹೇಳಿದೆ. ಫೋಟೊ ತರಿಸಿಕೊಂಡು, ಕನ್ನಡಕ ಹಾಕಿಕೊಂಡು ಮತ್ತೆ ನೋಡ್ತಿದ್ದಾರೆ. ಹಿಂಬದಿಯಲ್ಲಿ 1986 ಅಂತ ಪೆನ್ಸಿಲ್‌ನಲ್ಲಿ ಬರೆದುಕೊಂಡರು.

ಮಲೆನಾಡ ಮಳೆ

ನಾವು ಜನವರಿ ಕೊನೆಗೆ ಹೋಗ್ತಿದ್ದೀವಿ, ಇಬ್ಬರು ಚಿಕ್ಕ ಮಕ್ಕಳು. ನಮಗೂ ಇದೇ ಕ್ರಮ ಸರಿಹೋಗುತ್ತಾ?

ಪಡುಬಿದ್ರಿ ಕಡಲು

ಮಕ್ಕಳಿಗಾದರೆ ಬಿಸಿ ಮಾಡಿದ ಈಜುಕೊಳ ಇದೆಯಾ ಅಂತ ಮೊದಲು ಕೇಳಿ. ಜನವರಿಯಲ್ಲಿ ಸಮುದ್ರಕ್ಕೆ ಅವರು ಕಾಲೂ ಇಡುವುದಿಲ್ಲ. ತಾರೀಖು, ವಾರ ಬರೆಯಿರಿ, ನೋಡಿ ಹೇಳ್ತೇನೆ.